ತಂಬಿಗೆಯ ಬಾಯಿ

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು 26 ವರ್ಷಗಳಿಂದ ಗಣಿತ ಪಾಠ ಹೇಳುತ್ತಿದ್ದೇನೆ. ಆ 26ರಲ್ಲಿ ಕಡಿಮೆಯೆಂದರೂ 15 ವರ್ಷ, ದೀಪಾವಳಿ ಕಳೆಯುತ್ತಿದ್ದಂತೆ ಹತ್ತನೇ ತರಗತಿಯ ಡ್ರಾಯಿಂಗ್ ಪೀರಿಯಡ್‌ಗಳನ್ನು ನಾನು ತೆಗೆದುಕೊಂಡಿದ್ದೇನೆ. ‘ತೆಗೆದುಕೊಳ್ಳುವುದು’ ಸ್ಟಾಫ್‌ರೂಮಿನ ಮಾತು. ನಡೆದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ ಕಿತ್ತುಕೊಂಡಿದ್ದೇನೆ ಎನ್ನಬೇಕು. “ಸಾರ್, ಈ ವಾರದ ಎರಡೂ ಪೀರಿಯಡ್ ನನಗೆ ಕೊಟ್ಟುಬಿಡಿ, ತ್ರಿಕೋನಮಿತಿ ಇನ್ನೂ ಮುಗಿದಿಲ್ಲ” ಎಂದರೆ ನಮ್ಮ ಡ್ರಾಯಿಂಗ್ ಮೇಷ್ಟ್ರು “ಆಗಲಿ ಮೇಡಂ” ಎಂದು ಹೇಳಿ, ಹಾಜರಿ ಪುಸ್ತಕವನ್ನು ನನ್ನ ಕೈಗಿತ್ತು, ಬೀರುವಿನ ಪಕ್ಕದ ತಮ್ಮ ಕುರ್ಚಿಗೆ ಮರಳುತ್ತಿದ್ದರು. ಆ 15 ವರ್ಷಗಳಲ್ಲಿ ಒಂದೇ ಒಂದು ಗಣಿತದ ಪೀರಿಯಡ್ಡು ಚಿತ್ರಕಲೆಗೆ ಹೋದ ನೆನಪು ನನಗಿಲ್ಲ. ಮೇಷ್ಟ್ರು ಕೇಳಲೂ ಇಲ್ಲ, ನಾನಾಗಿ ಕೊಡಲೂ ಇಲ್ಲ.

ಕಲಾಶಿಕ್ಷಣವು ಶಾಲೆಯ ಮುಖ್ಯ ಪಠ್ಯಕ್ರಮದ ಒಳಗಿರಬೇಕೇ, ಹೊರಗಿರಬೇಕೇ ಎಂಬ ಚರ್ಚೆ ನಡೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಯಾವ ದಸ್ತಾವೇಜೂ ಅಲ್ಲ, ಆ ಹಾಜರಿ ಪುಸ್ತಕ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿದ್ದ ಗಳಿಗೆ. ಏಕೆಂದರೆ ಕಾಗದದ ಮೇಲೆ ಈ ಪ್ರಶ್ನೆ ಎಂದೋ ತೀರ್ಮಾನವಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯು ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಇರಬಾರದೆಂದಿತು. 2023ರ ಶಾಲಾ ಶಿಕ್ಷಣದ ಚೌಕಟ್ಟು ದೃಶ್ಯಕಲೆ, ಸಂಗೀತ, ನೃತ್ಯ, ರಂಗಕಲೆ ನಾಲ್ಕನ್ನೂ ಸೇರಿಸಿ, ಕಲಾಶಿಕ್ಷಣವನ್ನು ಗಣಿತ, ವಿಜ್ಞಾನಗಳ ಸಾಲಿನಲ್ಲೇ ಒಂದು ಪಠ್ಯಕ್ಷೇತ್ರವಾಗಿ ಇರಿಸಿತು. ಕರ್ನಾಟಕ ತನ್ನದೇ ನೀತಿ ಬೇಕೆಂದು 2023ರಲ್ಲಿ ಆಯೋಗವೊಂದನ್ನು ರಚಿಸಿತು, ಅದು 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ನಮ್ಮ ಸ್ಟಾಫ್‌ರೂಮಿನಲ್ಲಿ ಆ ವರದಿಯ ಬಗ್ಗೆ ನಡೆದ ಮಾತೆಲ್ಲ ಎಷ್ಟು ಭಾಷೆ, ಯಾವ ಮಾಧ್ಯಮ ಎಂಬುದರ ಸುತ್ತಲೇ ಇತ್ತು.

ಇಷ್ಟೆಲ್ಲ ಬರೆದಿಟ್ಟ ಮೇಲೂ ಒಬ್ಬ ಗಣಿತ ಶಿಕ್ಷಕಿ ಸುಮ್ಮನೆ ಕೈ ಚಾಚಿದರೆ ಆ ಪೀರಿಯಡ್ಡು ಅವಳ ಕೈಗೆ ಬಂದುಬಿಡುತ್ತದೆ ಎಂದಾದರೆ, ಅದಕ್ಕೆ ಕಾರಣ ಬೇರೆಲ್ಲೋ ಇರಬೇಕು. ನನಗೆ ಗೊತ್ತಿರುವ ಮಟ್ಟಿಗೆ ಕಾರಣ ಎರಡು. ಮೊದಲನೆಯದು ಅಂಕ. ನಾನು ಪಾಠ ಹೇಳಿದ ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿ ಎಂದರೆ ಆರು ವಿಷಯ, 625 ಅಂಕ. ಆ 625ರೊಳಗೆ ಚಿತ್ರಕ್ಕಾಗಲಿ, ಹಾಡಿಗಾಗಲಿ, ನಾಟಕಕ್ಕಾಗಲಿ ಒಂದೇ ಒಂದು ಅಂಕವೂ ಇಲ್ಲ. ಕಲೆಗಿರುವುದು ‘ಭಾಗ ಬಿ’ಯ ಒಂದು ಗ್ರೇಡ್, ಮಾರ್ಚ್ ತಿಂಗಳ ಕೊನೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ, ಒಂದೇ ಪೆನ್ನಿನಲ್ಲಿ, ಇಡೀ ತರಗತಿಗೆ ಆ ಕಾಲಂ ತುಂಬಿದ್ದನ್ನು ನಾನು ನೋಡಿದ್ದೇನೆ. ಎರಡನೆಯದು ಹುದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಓದಿದವರಿಗೆ ಗೊತ್ತಿರುತ್ತದೆ: ಆರರಿಂದ ಎಂಟನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100 ಮೀರಿದರೆ ಮಾತ್ರ ಕಲಾಶಿಕ್ಷಣಕ್ಕೆ ಬೋಧಕರು, ಅದೂ ಅರೆಕಾಲಿಕ. 90 ಮಕ್ಕಳಿರುವ ಶಾಲೆಗೆ ಅಷ್ಟೂ ಇಲ್ಲ. ನಿವೃತ್ತರಾದ ಗಣಿತ ಶಿಕ್ಷಕರ ಜಾಗ ಖಾಲಿ ಉಳಿದರೆ ಪೋಷಕರು ಮುಖ್ಯೋಪಾಧ್ಯಾಯರ ಕೋಣೆಗೆ ಬಂದು ಕೇಳುತ್ತಾರೆ. ಡ್ರಾಯಿಂಗ್ ಮೇಷ್ಟ್ರ ಜಾಗ ಖಾಲಿಯಾದರೆ ಯಾರೂ ಬರುವುದಿಲ್ಲ.

ನನ್ನ ಮನಸ್ಸು ಬದಲಾದದ್ದು ಯಾವ ಕಾಯ್ದೆಯಿಂದಲೂ ಅಲ್ಲ. ಒಂದು ನವೆಂಬರ್ ತಿಂಗಳ ಬುಧವಾರ, ಎಂದಿನಂತೆ ಪೀರಿಯಡ್ ಕೇಳಲು ನಾನು ಹತ್ತನೇ ತರಗತಿಯ ಬಾಗಿಲಿಗೆ ಹೋದೆ. ಮೇಷ್ಟ್ರು ಮೇಜಿನ ಮೇಲೆ ಒಂದು ಹಿತ್ತಾಳೆ ತಂಬಿಗೆ ಇಟ್ಟಿದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು “ಸ್ವಲ್ಪ ಹೊತ್ತು ಕೊಡಿ ಮೇಡಂ, ತಂಬಿಗೆ ಇಟ್ಟುಬಿಟ್ಟಿದ್ದೀನಿ” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ಒಲೆಯ ಮೇಲೆ ಹಾಲಿಟ್ಟವರ ಅವಸರವಷ್ಟೇ ಇತ್ತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ.

ಮಕ್ಕಳು ತಂಬಿಗೆ ಬರೆಯತೊಡಗಿದರು. ಹೆಚ್ಚು ಕಡಿಮೆ ಎಲ್ಲರೂ ತಂಬಿಗೆಯ ಬಾಯಿಯನ್ನು ಪೂರ್ಣ ವೃತ್ತವಾಗಿ ಬರೆದು, ತಳಕ್ಕೆ ಸ್ಕೇಲು ಹಿಡಿದಂತೆ ಒಂದು ನೇರ ಗೆರೆ ಎಳೆದಿದ್ದರು. ಮೇಷ್ಟ್ರು ಒಬ್ಬ ಹುಡುಗಿಯ ಪಕ್ಕದಲ್ಲಿ ನಿಂತು, “ಬಾಯಿ ದುಂಡಗಿದೆ ಅಂತ ನಿನಗೆ ಗೊತ್ತು. ಗೊತ್ತಿರೋದನ್ನ ಪಕ್ಕಕ್ಕಿಡು. ನೀನು ಕೂತಿರೋ ಜಾಗದಿಂದ ಏನು ಕಾಣಿಸ್ತಿದೆಯೋ ಅದನ್ನ ಬರಿ” ಎಂದರು. ಅವಳು ಪೆನ್ಸಿಲನ್ನು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿದಳು. ಆಮೇಲೆ ವೃತ್ತವನ್ನು ಅಳಿಸಿ, ಚಪ್ಪಟೆಯಾದ ಒಂದು ದೀರ್ಘವೃತ್ತ ಬರೆದಳು. ಮುಂದಿನ ಬೆಂಚಿನವರಿಗೆ ಕಂಡ ಬಾಯಿ ಬೇರೆ, ನನ್ನ ಪಕ್ಕದಲ್ಲಿದ್ದವರಿಗೆ ಕಂಡ ಬಾಯಿ ಬೇರೆ, ಕಿಟಕಿಯ ಬಳಿ ಜಾಗವಿಲ್ಲದೆ ನಿಂತೇ ಬರೆಯುತ್ತಿದ್ದ ಇಬ್ಬರಿಗೆ ಕಂಡದ್ದು ಇನ್ನೂ ಬೇರೆ. ಒಂದು ತಂಬಿಗೆ, 58 ಮಕ್ಕಳು, 58 ಬಾಯಿಗಳು. ಅವುಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ತಪ್ಪೆನ್ನುವ ಹಾಗಿರಲಿಲ್ಲ, ಆದರೆ ಪ್ರತಿಯೊಂದೂ ಅದನ್ನು ಬರೆದವರ ಜಾಗದಿಂದ ಸರಿಯಿರಲೇಬೇಕಿತ್ತು.

ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ನನ್ನ ಕಿರುಪರೀಕ್ಷೆಗಳಲ್ಲಿ ಎರಡಂಕಿ ಮುಟ್ಟಲು ಹೆಣಗುತ್ತಿದ್ದವನು, ನನ್ನ ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟವನೇ ಅಲ್ಲ. ಅವನು ತಳದ ಗೆರೆಯನ್ನು ಬರೆದು, ಅಳಿಸಿ, ಮತ್ತೆ ಬರೆದು ಕಾಗದ ಜೂಲಾಗುವಷ್ಟು ಒದ್ದಾಡಿದ. ಕೊನೆಗೆ ತಲೆಯೆತ್ತಿ, “ಸಾರ್, ತಳ ಬಾಯಿಗಿಂತ ಜಾಸ್ತಿ ಬಾಗಿದೆ” ಎಂದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, “ಹಾಗೆ ಕಾಣ್ತಿದೆಯಾ? ಹಾಗಾದ್ರೆ ಹಾಗೇ ಬರಿ” ಎಂದರು. ಅಂದು ರಾತ್ರಿ ನಾನು ಮನೆಯಲ್ಲಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ. ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದಷ್ಟೂ ವೃತ್ತ ಹೆಚ್ಚು ತೆರೆದುಕೊಂಡಂತೆ ಕಾಣುತ್ತದೆ. ಆದ್ದರಿಂದ ತಳದ ವಕ್ರತೆ ಬಾಯಿಯದಕ್ಕಿಂತ ಹೆಚ್ಚಾಗಲೇಬೇಕು. ಹುಡುಗ ಸರಿಯಾಗಿಯೇ ಕಂಡಿದ್ದ. ಎಷ್ಟೋ ವರ್ಷ ಸಿಲಿಂಡರ್ ಮತ್ತು ಶಂಕುವಿನ ಘನಫಲ ಕಲಿಸಿದ ನಾನು ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ, ಏಕೆಂದರೆ ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದದ್ದು ನನಗೆ ಗೊತ್ತಿದ್ದ ಸಿಲಿಂಡರನ್ನೇ ಹೊರತು ಕಾಣುವ ಸಿಲಿಂಡರನ್ನಲ್ಲ.

ಈ ಘಟನೆಯನ್ನು ನಾನು ಹೇಳಿದಾಗ ಕೇಳಿದವರು ತಕ್ಷಣ, “ನೋಡಿದಿರಾ, ಚಿತ್ರಕಲೆಯಿಂದ ಗಣಿತಕ್ಕೂ ಸಹಾಯವಾಗುತ್ತದೆ” ಎಂದು ಖುಷಿಪಡುತ್ತಾರೆ. ಆ ಖುಷಿಯಲ್ಲಿ ನನಗೆ ಪಾಲಿಲ್ಲ. ಕಲೆಯ ಪರವಾಗಿ ವಾದಿಸುವವರು ಈ ಊರುಗೋಲನ್ನು ಬಹಳ ಕಾಲದಿಂದ ಹಿಡಿದಿದ್ದಾರೆ, ಅದು ಅನೇಕ ಬಾರಿ ಮುರಿದಿದೆ. 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್‌ನ ಸಂಗೀತ ಕೇಳಿಸಿ ಪರೀಕ್ಷಿಸಿದಾಗ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವ ಒಂದು ಬಗೆಯ ಸಾಮರ್ಥ್ಯ ಸುಮಾರು ಕಾಲು ಗಂಟೆಯಷ್ಟು ಹೊತ್ತು ಹೆಚ್ಚಿದಂತೆ ಕಂಡಿತು. ಅಷ್ಟಕ್ಕೇ ಸಂಗೀತ ಕೇಳಿದ ಮಗು ಜಾಣವಾಗುತ್ತದೆ ಎಂಬ ನಂಬಿಕೆ ಹರಡಿ, 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಅಲ್ಲಿ ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡಿಸಲು ಹೊರಟರು. ಮುಂದಿನ ಪರೀಕ್ಷೆಗಳಲ್ಲಿ ಆ ನಂಬಿಕೆ ನಿಲ್ಲಲಿಲ್ಲ. ಇನ್ನೂ ಎಚ್ಚರದಿಂದ ಮಾಡಿದ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಹ್ಯೂಸ್ಟನ್ ನಗರದಿಂದ ಬಂತು: 42 ಶಾಲೆಗಳಲ್ಲಿ ಚೀಟಿ ಎತ್ತಿ, ಅರ್ಧದಷ್ಟು ಶಾಲೆಗಳಿಗೆ ಹೆಚ್ಚಿನ ಕಲಾಶಿಕ್ಷಣ ಕೊಟ್ಟು ಹೋಲಿಸಿದಾಗ, ಮಕ್ಕಳ ಬರವಣಿಗೆಯ ಅಂಕ ಏರಿತು, ಶಿಸ್ತಿನ ದೂರುಗಳು ಇಳಿದವು, ಬೇರೆಯವರ ನೋವಿಗೆ ಮಿಡಿಯುವ ಗುಣ ಹೆಚ್ಚಿತು. ಗಣಿತದ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಣಿತದ ಶಿಕ್ಷಕಿಯಾಗಿ ನನಗೆ ಇದರಿಂದ ಬೇಸರವಿಲ್ಲ. ಗಣಿತವನ್ನು ಗಣಿತದ ಪೀರಿಯಡ್ಡಿನಲ್ಲಿ ಕಲಿಸಬೇಕಾದವಳು ನಾನು. ಭೂಗೋಳದಿಂದ ಹಿಂದಿಯ ಅಂಕ ಏರುತ್ತದೆಯೇ ಎಂದು ನಾವು ಯಾರೂ ಕೇಳುವುದಿಲ್ಲ. ಕಲೆಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸಿ ನಿನ್ನಿಂದ ಇತರರಿಗೇನು ಲಾಭ ಎಂದು ಕೇಳುವುದು ನ್ಯಾಯವಲ್ಲ.

ಆ ಬುಧವಾರ ನಾನು ಕಂಡದ್ದು ಬೇರೆ ಸಂಗತಿ. ಶಾಲೆಯಲ್ಲಿ ಮಗು ದಿನವಿಡೀ ಮಾಡುವ ಕೆಲಸವೆಂದರೆ, ಬೇರೆಯವರಿಗೆ ಈಗಾಗಲೇ ಗೊತ್ತಿರುವುದನ್ನು ತನಗೂ ಗೊತ್ತಿದೆ ಎಂದು ತೋರಿಸುವುದು. ಅದು ಬೇಕು, ಅದಿಲ್ಲದೆ ವಿದ್ಯೆಯಿಲ್ಲ. ಆದರೆ ತಂಬಿಗೆಯ ಮುಂದೆ ಕುಳಿತ ಮಗುವಿಗೆ ಗೈಡು ಇಲ್ಲ, ಪಕ್ಕದವನದನ್ನು ನಕಲು ಮಾಡುವಂತಿಲ್ಲ, ಪಕ್ಕದವನಿಗೆ ಕಾಣುವ ತಂಬಿಗೆಯೇ ಬೇರೆ. ಬರೆದದ್ದು ಕಂಡದ್ದಕ್ಕೆ ಹೊಂದುತ್ತಿದೆಯೇ ಎಂದು ಅದೇ ನೋಡಬೇಕು, ಹೊಂದದಿದ್ದರೆ ಅದೇ ಅಳಿಸಬೇಕು, ಮುಗಿಯಿತೋ ಇಲ್ಲವೋ ಎಂಬುದನ್ನೂ ಅದೇ ನಿರ್ಧರಿಸಬೇಕು. ನನ್ನ ತರಗತಿಯಲ್ಲಿ ಲೆಕ್ಕ ಮುಗಿಯಿತೆಂದು ಹೇಳುವುದು ನನ್ನ ಕೆಂಪು ಶಾಯಿ. ಆ ಮೂರನೇ ಬೆಂಚಿನ ಹುಡುಗ ಎರಡನೇ ಬೆಲ್ಲು ಹೊಡೆದ ಮೇಲೂ ತಳವನ್ನು ಬಿಟ್ಟೇಳಲಿಲ್ಲ. ಯಾರಿಗಾಗಿಯೂ ಅಲ್ಲದೆ, ಅದು ಇನ್ನೂ ಸರಿಯಾಗಿಲ್ಲವೆಂದು ತನಗೆ ಗೊತ್ತಿದ್ದುದರಿಂದ. ಹಾಗೊಂದು ಹಟ ಅವನಲ್ಲಿದೆಯೆಂದು ನನಗೆ ಮೂರು ವರ್ಷದಲ್ಲಿ ತಿಳಿದಿರಲಿಲ್ಲ.

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಲೆನಾಡಿನ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರವನ್ನೂ ಬರೆಯುತ್ತಾರೆ. ಮೂರಕ್ಕೂ ಒಂದೇ ಕ್ರಿಯಾಪದ. ‘ಹಾಡು–ಹಸೆ’ ಎಂಬ ಜೋಡಿಮಾತು ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಾಳಿಗೆ ಬೇಕಾದ ತಿಳಿವಳಿಕೆಯ ಹೆಸರಾಗಿತ್ತು, ಬಿಡುವಿನ ಹವ್ಯಾಸದ ಹೆಸರಾಗಿರಲಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಗೆ ಆಟ, ಚಿತ್ರ, ಕುಣಿತ, ನಾಟಕಗಳನ್ನು ಜೊತೆಮಾಡಿದ್ದು ಹೊರಗಿನಿಂದ ತಂದ ತೇಪೆಯಾಗಿ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ನಲಿ–ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ಹಾಡು, ಕಥೆ, ಬಣ್ಣಗಳೇ ಪಾಠ. ಆದರೆ ನಲಿ–ಕಲಿ ಮೂರನೇ ತರಗತಿಗೆ ನಿಲ್ಲುತ್ತದೆ. ಮಗು ನಾಲ್ಕಕ್ಕೆ ಬರುತ್ತಲೇ ನಾವು ಹಾಡನ್ನು ಪ್ರಾರ್ಥನೆಗೂ ಚಿತ್ರವನ್ನು ವಿಜ್ಞಾನದ ಪುಸ್ತಕದಲ್ಲಿನ ಹೃದಯದ ರೇಖಾಚಿತ್ರಕ್ಕೂ ಸೀಮಿತಗೊಳಿಸುತ್ತೇವೆ, ಎಂಟಕ್ಕೆ ಬರುವಷ್ಟರಲ್ಲಿ ಎಲ್ಲ ಮಕ್ಕಳೂ ಬರೆಯುವ ನಿಸರ್ಗಚಿತ್ರ ಒಂದೇ ಆಗಿರುತ್ತದೆ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ. ಲಗ್ಗೆರೆಯ ನಾಲ್ಕನೇ ಮಹಡಿಯ ಬಾಡಿಗೆ ಮನೆಯಿಂದ ಬರುವ ಮಗು, ಕಿಟಕಿಯಾಚೆ ಕೇಬಲ್ ತಂತಿಗಳನ್ನೂ ನೀರಿನ ಟ್ಯಾಂಕುಗಳನ್ನೂ ದಿನಾ ನೋಡುವ ಮಗು, ಇದೇ ಎರಡು ಗುಡ್ಡ ಬರೆಯುತ್ತದೆ. ಅದಕ್ಕೆ ತನ್ನ ಬೀದಿ ಚಿತ್ರಕ್ಕೆ ಯೋಗ್ಯವೆಂದು ಯಾರೂ ಹೇಳಿಲ್ಲ.

ಇನ್ನೊಂದನ್ನು ಬರೆಯದೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ನಾನು ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಕಿತ್ತುಕೊಳ್ಳುತ್ತಿದ್ದ ಅದೇ ವರ್ಷಗಳಲ್ಲಿ, ಶನಿವಾರ ಮಧ್ಯಾಹ್ನ ನನ್ನ ಮಗಳನ್ನು ಬಸವನಗುಡಿಯ ಒಂದು ಚಿತ್ರಕಲಾ ತರಗತಿಗೆ ಕರೆದುಕೊಂಡು ಹೋಗುತ್ತಿದ್ದೆ. ತಿಂಗಳಿಗೆ 1,200 ರೂಪಾಯಿ ಶುಲ್ಕ, ಬಣ್ಣ, ಕುಂಚ, ಕಾಗದ ಬೇರೆ. ಅವಳು ಒಳಗೆ ಬಣ್ಣ ಕಲಸುತ್ತಿರುವಾಗ ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಆ ಪತ್ರಿಕೆಗಳು ಯಾರ ಚಿತ್ರದ ಪೀರಿಯಡ್ಡಿನಲ್ಲಿ ಬರೆಸಿದವು ಎಂಬುದನ್ನು ನಾನು ಒಮ್ಮೆಯೂ ಯೋಚಿಸಲಿಲ್ಲ. ನನ್ನ ವಿದ್ಯಾರ್ಥಿಗಳ ತಾಯಂದಿರು ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ, ಅಪ್ಪಂದಿರು ಆಟೋಗಳಲ್ಲಿ, ಮರಗೆಲಸದ ಶೆಡ್‌ಗಳಲ್ಲಿ ದುಡಿಯುವವರು. ಅವರಲ್ಲಿ ಅನೇಕರಿಗೆ ಶನಿವಾರ ರಜೆಯೇ ಇಲ್ಲ. ಕಲೆಯನ್ನು ಶಾಲೆಯ ಹೊರಗಿಟ್ಟರೆ ನನ್ನ ಮಗಳಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ನಷ್ಟವೆಲ್ಲ ಆ ಮಕ್ಕಳದ್ದು. ಅವರಿಗೆ ವಾರದ ಆ ಎರಡು ಪೀರಿಯಡ್ ಬಿಟ್ಟರೆ ಬೇರೆ ಬಾಗಿಲು ಇರಲಿಲ್ಲ. ಮುಖ್ಯ ಪಠ್ಯಕ್ರಮ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಇಲ್ಲಿ. ಹಣವಿದ್ದವರು ಹೊರಗೆ ಕೊಳ್ಳಬಲ್ಲದ್ದನ್ನು ಎಲ್ಲ ಮಕ್ಕಳಿಗೂ ಹಕ್ಕಾಗಿ ಕೊಡಲೆಂದೇ ಅಲ್ಲವೇ ಶಾಲೆಗೊಂದು ಮುಖ್ಯ ಪಠ್ಯಕ್ರಮ ಇರುವುದು?

ಹೇಳಬೇಕೆಂದರೆ ಈ ಊರಿನಲ್ಲಿ ಕಲೆಗೆ ಕೊರತೆಯಿಲ್ಲ. ಜೆ.ಸಿ. ರಸ್ತೆಯಲ್ಲಿ 1963ರಿಂದ ರವೀಂದ್ರ ಕಲಾಕ್ಷೇತ್ರವಿದೆ, ಜೆ.ಪಿ. ನಗರದಲ್ಲಿ ರಂಗಶಂಕರವಿದೆ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ, ಜನವರಿ ಬಂತೆಂದರೆ ಕುಮಾರಕೃಪಾ ರಸ್ತೆಯೇ ಚಿತ್ರಸಂತೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಮೇಷ್ಟ್ರ ಒತ್ತಾಯಕ್ಕೆ ನಾವು ಒಂಬತ್ತನೇ ತರಗತಿಯನ್ನು ಬಿಎಂಟಿಸಿ ಬಸ್ಸಿನಲ್ಲಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಕರೆದೊಯ್ದೆವು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದು, ಮುಂದೆ ವೀಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಮಕ್ಕಳು ಪಿಸುಗುಟ್ಟುವುದನ್ನೂ ಮರೆತು ನಿಂತರು. ಹಿಂದಿರುಗುವಾಗ ಒಬ್ಬಳು, “ಮಿಸ್, ಅಲ್ಲಿ ಮಂಜಿಗೆ ಬಣ್ಣಾನೇ ಹಾಕಿಲ್ಲ, ಕಾಗದಾನೇ ಬಿಟ್ಟಿದ್ದಾರೆ” ಎಂದಳು. ನಮ್ಮ ಶಾಲೆಯಲ್ಲಿ ನನ್ನ ಸೇವಾವಧಿಯಲ್ಲಿ ಅಂಥ ಪ್ರವಾಸ ನಡೆದದ್ದು ಅದೊಂದೇ ಬಾರಿ.

ಪ್ರತಿಭಾ ಕಾರಂಜಿ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ಅದರಿಂದ ಒಳ್ಳೆಯದೂ ಆಗಿದೆ. ಭಾವಗೀತೆ, ಜಾನಪದ ಗೀತೆ, ಛದ್ಮವೇಷ, ಮಣ್ಣಿನ ಮಾದರಿಗಳಿಗೆ ಕ್ಲಸ್ಟರ್‌ನಿಂದ ರಾಜ್ಯಮಟ್ಟದವರೆಗೆ ವೇದಿಕೆ ಸಿಕ್ಕಿದೆ. ಆದರೆ ಅದು ಸ್ಪರ್ಧೆ. ಆಗಲೇ ಚೆನ್ನಾಗಿ ಹಾಡುವ ಇಬ್ಬರು ಆಟೋ ಹತ್ತಿ ಹೋಗುತ್ತಾರೆ, ಉಳಿದ 56 ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿರುತ್ತಾರೆ. ಗಣಿತ ಒಲಿಂಪಿಯಾಡ್ ಇದೆಯೆಂದು ಯಾರೂ ಗಣಿತದ ಪೀರಿಯಡ್ಡನ್ನು ತೆಗೆದುಹಾಕಿಲ್ಲ.

ಕಷ್ಟದ ಪ್ರಶ್ನೆ ಅಂಕದ್ದು. ಕಲೆಯನ್ನು 625ರೊಳಗೆ ಸೇರಿಸಿದರೆ ಅದಕ್ಕೆ ಗೌರವ ಬರುತ್ತದೆ ಎಂದು ಮೇಷ್ಟ್ರು ನಂಬಿದ್ದರು. ಪರೀಕ್ಷಾ ಮಂಡಳಿ ನಡೆಸುವ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ಪ್ರತಿ ವರ್ಷ ತಾವೇ ಅರ್ಜಿ ತುಂಬಿ, ಕೆಲವರ ಶುಲ್ಕವನ್ನೂ ತಾವೇ ಕಟ್ಟಿ ಮಕ್ಕಳನ್ನು ಕೂರಿಸುತ್ತಿದ್ದವರು ಅವರು. ನನಗೆ ಭಯವಿದೆ. ಅಂಕ ಬಂದ ಮರುವರ್ಷವೇ ಗೈಡು ಬರುತ್ತದೆ, ಗೈಡಿನಲ್ಲಿ ‘ನಿರೀಕ್ಷಿತ ಚಿತ್ರಗಳು’ ಬರುತ್ತವೆ, ಆಗ ಆ ಎರಡು ಗುಡ್ಡ ಒಂದು ಸೂರ್ಯ ಮಾದರಿ ಉತ್ತರವಾಗಿಬಿಡುತ್ತದೆ. ತಂಬಿಗೆಯ ಬಾಯಿಗೆ ಮೌಲ್ಯಮಾಪಕರು ಅರ್ಧ ಅಂಕ ನಿಗದಿ ಮಾಡುತ್ತಾರೆ. ಇತ್ತ ಅಂಕವಿಲ್ಲದಿದ್ದರೆ ನನ್ನಂಥವರು ಕೈ ಚಾಚುವುದು ನಿಲ್ಲುವುದಿಲ್ಲ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಯೋಚಿಸಿದಷ್ಟೂ ನನಗನ್ನಿಸುವುದು, ಮೊದಲು ಬೇಕಾದದ್ದು ಅಂಕವಲ್ಲ, ಕೈಯಿಂದ ಕೈಗೆ ದಾಟದ ಸಮಯ ಮತ್ತು ಪೂರ್ಣಾವಧಿಯ ಹುದ್ದೆ. ನಲವತ್ತು ನಿಮಿಷದ ಬಿಡಿ ಪೀರಿಯಡ್ಡಿನಲ್ಲಿ ಬಣ್ಣ ಕಲಸುವುದಕ್ಕೂ ಕುಂಚ ತೊಳೆಯುವುದಕ್ಕೂ ಹೊತ್ತು ಸಾಲದು. ವಾರಕ್ಕೊಮ್ಮೆ ಜೋಡಿ ಪೀರಿಯಡ್ ಬೇಕು. ವರ್ಷವಿಡೀ ಮಾಡಿದ ಕೆಲಸ ಮಗುವಿನ ಕಡತದಲ್ಲಿ ಉಳಿಯಬೇಕು, ಆ ಕಡತವನ್ನು ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೇ ಮೇಜಿನ ಮೇಲಿಡಬೇಕು. ಕಲಾ ಸಂಯೋಜಿತ ಕಲಿಕೆ ಎಂಬ ಹೆಸರಿನಲ್ಲಿ ಇತಿಹಾಸದ ಪಾಠಕ್ಕೆ ಥರ್ಮೋಕೋಲಿನ ಕೋಟೆ ಮಾಡಿಸುವುದು ಇದಕ್ಕೆ ಬದಲಿಯಾಗಲಾರದು. ಆ ಕೋಟೆಯನ್ನು ರಾತ್ರಿ ಹನ್ನೊಂದರವರೆಗೆ ಕೂತು ಕಟ್ಟುವವರು ಅಪ್ಪ ಅಮ್ಮಂದಿರು ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತು.

ಮೇಷ್ಟ್ರು ಎರಡು ವರ್ಷದ ಹಿಂದೆ ನಿವೃತ್ತರಾದರು. ಅವರ ಹುದ್ದೆ ಇನ್ನೂ ತುಂಬಿಲ್ಲ. ಈ ಜೂನ್‌ನಲ್ಲಿ ವೇಳಾಪಟ್ಟಿ ತಯಾರಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂದಾಗ ಹತ್ತನೇ ತರಗತಿಗೆ ಗುರುವಾರ ಊಟದ ನಂತರದ ಎರಡು ಪೀರಿಯಡ್‌ಗಳನ್ನು ಮೊದಲು ಚಿತ್ರಕಲೆಗೆ ಬರೆದು, ಆಮೇಲೆ ಗಣಿತವನ್ನು ಹಂಚಿದೆ. ಎರಡು ಶಾಲೆಗಳ ನಡುವೆ ಓಡಾಡುವ ಯುವ ಅತಿಥಿ ಶಿಕ್ಷಕಿಯೊಬ್ಬರು ಅದಕ್ಕೆ ಬರುತ್ತಿದ್ದಾರೆ. ಅವರ ಗೌರವಧನವನ್ನು ಹಳೆಯ ವಿದ್ಯಾರ್ಥಿಗಳು ಸೇರಿ ಕೊಡುತ್ತಾರೆ, ಮುಂದಿನ ವರ್ಷ ಹೇಗೋ ತಿಳಿಯದು. ಈಗ ಡಿಸೆಂಬರ್. ತ್ರಿಕೋನಮಿತಿ ಎಂದಿನಂತೆ ಒಂದು ವಾರ ಹಿಂದಿದೆ. ವಿಜ್ಞಾನದ ಮೇಡಂ ಬಂದು “ಈ ಗುರುವಾರದ್ದು ನನಗೆ ಕೊಡ್ತೀರಾ” ಎಂದು ಕೇಳಿದರು, ಅವರ ಅವಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನನ್ನದೊಂದು ಗಣಿತದ ಪೀರಿಯಡ್ಡನ್ನು ಅವರಿಗೆ ಬಿಟ್ಟುಕೊಟ್ಟೆ.

ಮೇಷ್ಟ್ರ ತಂಬಿಗೆ ಅವರ ಸ್ವಂತದ್ದು, ನಿವೃತ್ತಿಯ ದಿನ ಅವರೊಂದಿಗೇ ಹೋಯಿತು. ನಮ್ಮ ಅಮ್ಮನ ಕಾಲದ ಒಂದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ನಾನು ಶಾಲೆಗೆ ತಂದಿಟ್ಟಿದ್ದೇನೆ. ಮುಂದಿನ ವಾರ ಅದರ ಪಕ್ಕದಲ್ಲಿ ಒಂದು ನಿಂಬೆಹಣ್ಣು ಇಡಬೇಕಂತೆ. ನಿಂಬೆಯ ಹಳದಿ, ಹಿತ್ತಾಳೆಯ ಮೇಲೆ ಬಿದ್ದರೆ ಯಾವ ಬಣ್ಣವಾಗುತ್ತದೆ ಎಂದು ನೋಡಬೇಕೆಂದು ಮಕ್ಕಳೇ ಕೇಳಿದ್ದಾರೆ.